ಕ್ಯಾಬಿನೆಟ್‌ಗೆ ಕೂರಿಸುವ ಮೊದಲೇ ಪರೀಕ್ಷಿಸಿ: ಮನೆಯಲ್ಲಿ ಪಿಸಿ ಜೋಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಪಿಸಿ ಜೋಡಿಸಿದಾಗ ಬಿಡಿಭಾಗಗಳನ್ನು ಕಂತು ಕಂತಾಗಿ ಕೊಂಡಿದ್ದೆ. ದಸರಾ ಸೇಲ್‌ನಲ್ಲಿ ರ‍್ಯಾಮ್, ದೀಪಾವಳಿಗೆ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ), ಆಮೇಲೆ ಸಂಬಳ ಬಂದಾಗ ಪ್ರೊಸೆಸರ್. ಎಲ್ಲ ಸೇರುವ ಹೊತ್ತಿಗೆ ಸಂಕ್ರಾಂತಿ ಬಂದಿತ್ತು. ಆಗ ಗೊತ್ತಾಯಿತು, ಎರಡು ರ‍್ಯಾಮ್ ಸ್ಟಿಕ್‌ಗಳಲ್ಲಿ ಒಂದು ಕೆಟ್ಟಿದೆ ಅಂತ. ಅಂಗಡಿಯವರು ಕೊಟ್ಟಿದ್ದ ಏಳು ದಿನದ ಗಡುವು ಮುಗಿದು ಮೂರು ತಿಂಗಳಾಗಿತ್ತು. ಕಂಪನಿ ವಾರಂಟಿ ಇದ್ದದ್ದರಿಂದ ಕೊನೆಗೆ ಬದಲಿ ಸಿಕ್ಕಿತು. ಆದರೆ ಕಾಯುವುದು, ಓಡಾಡುವುದು ತಪ್ಪಲಿಲ್ಲ.

ಬಿಡಿಭಾಗ ಕೆಟ್ಟು ಬರುವುದು ಯಾರ ಕೈಯಲ್ಲೂ ಇಲ್ಲ. ಅದು ಕೆಟ್ಟಿದೆ ಅಂತ ಬೇಗ ತಿಳಿದುಕೊಳ್ಳುವುದು ನಮ್ಮ ಕೈಯಲ್ಲಿದೆ. ಬದಲಿ ಗಡುವಿನ ಗಡಿಯಾರ ಬಿಲ್ ಬರೆದ ದಿನವೇ ಓಡಲು ಶುರುವಾಗುತ್ತದೆ, ಪಿಸಿ ಪೂರ್ತಿಯಾದ ದಿನ ಅಲ್ಲ. ಇನ್ನೊಂದು ಕಾರಣವೂ ಇದೆ. ಎಲ್ಲವನ್ನೂ ಕ್ಯಾಬಿನೆಟ್ ಒಳಗೆ ಕೂರಿಸಿ, ವೈರ್‌ಗಳನ್ನೆಲ್ಲ ನೀಟಾಗಿ ಕಟ್ಟಿದ ಮೇಲೆ ಡಿಸ್ಪ್ಲೇ ಬರಲಿಲ್ಲ ಅಂದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ತುಂಬ ಕಷ್ಟ. ಮೇಜಿನ ಮೇಲೆ ನಾಲ್ಕೇ ಭಾಗ ಇದ್ದರೆ ಅನುಮಾನ ಪಡಬೇಕಾದದ್ದೂ ನಾಲ್ಕೇ.

ಕೊಳ್ಳುವ ಕ್ರಮದಿಂದಲೇ ಶುರು

ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್. ಈ ನಾಲ್ಕನ್ನು ಆದಷ್ಟು ಒಂದೇ ವಾರದಲ್ಲಿ ಕೊಳ್ಳಿ. ಈ ನಾಲ್ಕು ಇಲ್ಲದೆ ಏನೂ ಆನ್ ಆಗುವುದಿಲ್ಲ. ಪ್ರೊಸೆಸರ್ ಜೊತೆ ಕೂಲರ್ ಬರದಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ (ಡಿಸ್ಕ್) ನಂತರ ಬಂದರೂ ನಡೆಯುತ್ತದೆ. ಕ್ಯಾಬಿನೆಟ್ ಕೊನೆಗೆ ಬಂದರೆ ಇನ್ನೂ ಒಳ್ಳೆಯದು, ಆತುರಕ್ಕೆ ಬಿದ್ದು ಒಳಗೆ ಕೂರಿಸುವ ಆಸೆಯೇ ಹುಟ್ಟುವುದಿಲ್ಲ.

ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಎಲ್ಲ ಪ್ರೊಸೆಸರ್‌ಗಳಲ್ಲೂ ಗ್ರಾಫಿಕ್ಸ್ ಇರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜೆನ್ 5 5600 ಥರದ, ಹಳೆಯ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗಳಲ್ಲಿ ಕೊನೆಗೆ ಜಿ ಇದ್ದರೆ ಮಾತ್ರ ಇದೆ. ರೈಜೆನ್ 7000 ಸಾಲಿನಲ್ಲಿ ಎಫ್ ಇಲ್ಲದವುಗಳಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಇರುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ನಿಮ್ಮದರಲ್ಲಿ ಇಲ್ಲ ಅಂದರೆ ಗೆಳೆಯರಿಂದ ಹಳೇ ಕಾರ್ಡ್ ಒಂದನ್ನು ಎರಡು ದಿನಕ್ಕೆ ಕೇಳಿ ಪಡೆಯಿರಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಎರಡು ಮಾತು ಕೇಳಿ. "ಸರ್, ಕೆಟ್ಟಿದ್ದರೆ ಎಷ್ಟು ದಿನದೊಳಗೆ ಅಂಗಡಿಯಲ್ಲೇ ಬದಲಾಯಿಸಿ ಕೊಡ್ತೀರಾ? ಅದನ್ನು ಬಿಲ್ ಮೇಲೆ ಬರೆದು ಕೊಡ್ತೀರಾ?" ನಾಲ್ಕೂ ಭಾಗ ಒಂದೇ ಅಂಗಡಿಯಲ್ಲಿ ತಗೊಂಡರೆ, "ಒಂದ್ಸಲ ಆನ್ ಮಾಡಿ ತೋರಿಸಿ" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಜನ ಕಡಿಮೆ ಇರುವ ಬೆಳಗಿನ ಹೊತ್ತು ಹೋದರೆ ಒಪ್ಪುವುದು ಜಾಸ್ತಿ. ಜಿಎಸ್‌ಟಿ ಬಿಲ್ ಇರಲಿ, ಸೀರಿಯಲ್ ನಂಬರ್‌ಗಳು ಬಿಲ್‌ನಲ್ಲಿರಲಿ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಪ್ಯಾಕೆಟ್ ಬಿಚ್ಚುವುದನ್ನು ಒಂದೇ ವಿಡಿಯೋದಲ್ಲಿ, ಮಧ್ಯೆ ನಿಲ್ಲಿಸದೆ ಸೆರೆ ಹಿಡಿಯಿರಿ. ನ್ಯಾಯವಾದ ಬದಲಿಯನ್ನೂ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆಗ ಬಿಲ್ಲೂ ವಿಡಿಯೋವೂ ಕೈ ಹಿಡಿಯುತ್ತವೆ.

ಭಾಗಗಳು ಒಂದೊಂದಾಗಿಯೇ ಬರುವುದಾದರೆ, ಒಂಟಿಯಾಗಿ ಏನು ಪರೀಕ್ಷಿಸಬಹುದು? ಎಸ್‌ಎಂಪಿಎಸ್ ಅನ್ನು ಟೆಸ್ಟರ್‌ನಿಂದ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಎನ್‌ಕ್ಲೋಸರ್‌ಗೆ (ಯುಎಸ್‌ಬಿಗೆ ಚುಚ್ಚುವ ಡಬ್ಬಕ್ಕೆ) ಹಾಕಿ ಲ್ಯಾಪ್‌ಟಾಪ್‌ನಲ್ಲಿ. ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡನ್ನು ಗೆಳೆಯರ ಪಿಸಿಯಲ್ಲಿ. ಆದರೆ ಡಿಡಿಆರ್4 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಕೂರುವುದಿಲ್ಲ, ನೆನಪಿರಲಿ. ಬೋರ್ಡ್ ಮತ್ತು ಪ್ರೊಸೆಸರ್ ಮಾತ್ರ ಒಂದನ್ನು ಬಿಟ್ಟು ಇನ್ನೊಂದು ಬಾಯಿ ಬಿಡುವುದಿಲ್ಲ.

ಜಾಗ, ಅರ್ಥಿಂಗ್, ಸ್ಟ್ಯಾಟಿಕ್

ಮರದ ಮೇಜು ಸಾಕು. ಸ್ಟೀಲ್ ಟೇಬಲ್ ಬೇಡ. ಬೋರ್ಡ್ ಬಂದ ರಟ್ಟಿನ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಬೋರ್ಡ್ ಇಡಿ. ಬೋರ್ಡ್ ಸುತ್ತಿ ಬಂದ ಬೆಳ್ಳಿ ಬಣ್ಣದ ಕವರಿನ ಮೇಲೆ ಇಟ್ಟು ಆನ್ ಮಾಡಬೇಡಿ. ಅದು ಸಾಗಿಸುವಾಗ ಕಾಪಾಡುವುದಕ್ಕೆ ಇರುವ ಕವರ್, ಅದರಲ್ಲಿ ಲೋಹದ ಪದರ ಇರುತ್ತದೆ.

ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಸ್ಟ್ಯಾಟಿಕ್, ಅಂದರೆ ಮೈಮೇಲೆ ಕೂಡಿಕೊಳ್ಳುವ ಚಾರ್ಜ್‌ನ ಕಾಟ ಅಷ್ಟಿಲ್ಲ. ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿರುತ್ತದೆ, ಆಗ ಜಾಗ್ರತೆ ಬೇಕು. ಹತ್ತಿ ಬಟ್ಟೆ ಹಾಕಿಕೊಳ್ಳಿ. ಉಣ್ಣೆ ಸ್ವೆಟರ್, ಕಾರ್ಪೆಟ್ ಬೇಡ. ಎಸ್‌ಎಂಪಿಎಸ್ ಪ್ಲಗ್ ಹಾಕಿ, ಅದರ ಹಿಂದಿನ ಸ್ವಿಚ್ ಆಫ್ ಮಾಡಿಟ್ಟು, ಅದರ ಲೋಹದ ಮೈಯನ್ನು ಆಗಾಗ ಮುಟ್ಟುತ್ತಿರಿ. ಮೈಮೇಲಿನ ಚಾರ್ಜ್ ಅರ್ಥ್ ಮೂಲಕ ಇಳಿದುಹೋಗುತ್ತದೆ.

ಈ ಉಪಾಯ ಫಲಿಸಬೇಕಾದರೆ ಗೋಡೆಯ ಸಾಕೆಟ್‌ನಲ್ಲಿ ನಿಜವಾಗಿ ಅರ್ಥ್ ಇರಬೇಕು. ನಮ್ಮೂರಿನ ಹಳೇ ಬಾಡಿಗೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಆದರೆ ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇರುವುದಿಲ್ಲ. ಪಿಸಿಯ ಲೋಹದ ಭಾಗ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅದೇ ಸೂಚನೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಚೂರು ಕರೆಂಟ್ ಯಾವಾಗಲೂ ಲೋಹದ ಮೈಗೆ ಸೋರುತ್ತಿರುತ್ತದೆ. ಅರ್ಥ್ ಇದ್ದರೆ ಅದು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಬೆರಳನ್ನು ಹುಡುಕುತ್ತದೆ. ಸ್ಕ್ರೂಡ್ರೈವರ್ ಥರದ ಲೈನ್ ಟೆಸ್ಟರ್ ಫೇಸ್ ಮಾತ್ರ ತೋರಿಸುತ್ತದೆ, ಅರ್ಥ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಸಾವಿರಾರು ರೂಪಾಯಿಯ ಕಾರ್ಡ್ ಕೊಳ್ಳುವವರು ಈ ಖರ್ಚನ್ನು ಉಳಿಸಬಾರದು. ಅರ್ಥ್ ವೈರ್ ಇಲ್ಲದ ಅಗ್ಗದ ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಬೇಡ.

ಮೊದಲು ಎಸ್‌ಎಂಪಿಎಸ್

ಬೇರೆಲ್ಲ ಭಾಗಗಳಿಗೆ ಊಟ ಬಡಿಸುವುದು ಇದೇ, ಹಾಗಾಗಿ ಇದರಿಂದಲೇ ಶುರು. ಎಸ್‌ಎಂಪಿಎಸ್ ಟೆಸ್ಟರ್ ಅನ್ನುವ ಸಣ್ಣ ಪೆಟ್ಟಿಗೆ ಸಿಗುತ್ತದೆ. 24 ಪಿನ್ ಕನೆಕ್ಟರ್ ಚುಚ್ಚಿದರೆ ವೋಲ್ಟೇಜ್‌ಗಳನ್ನು ತೋರಿಸುತ್ತದೆ. ಎಟಿಎಕ್ಸ್ ನಿಯಮದ ಪ್ರಕಾರ ಶೇಕಡ 5 ಆಚೀಚೆ ಇರಬಹುದು. ಅಂದರೆ 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ, 5 ವೋಲ್ಟ್ ಸಾಲು 4.75ರಿಂದ 5.25ರೊಳಗೆ, 3.3 ವೋಲ್ಟ್ ಸಾಲು 3.14ರಿಂದ 3.47ರೊಳಗೆ ಇರಬೇಕು.

ಹಸಿರು ವೈರ್ ಮತ್ತು ಕಪ್ಪು ವೈರ್‌ಗಳ ತೂತಿಗೆ ಪೇಪರ್ ಕ್ಲಿಪ್ ಚುಚ್ಚಿ ಆನ್ ಮಾಡುವ ಹಳೇ ಪದ್ಧತಿ ಒಂದಿದೆ. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ವೈರ್‌ಗಳೆಲ್ಲ ಕಪ್ಪು, ಪಿನ್ ಎಣಿಸುವಾಗ ತಪ್ಪುವ ಸಾಧ್ಯತೆ ಜಾಸ್ತಿ. ಟೆಸ್ಟರ್ ಕೊಳ್ಳುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಫ್ಯಾನ್ ತಿರುಗಲಿಲ್ಲ ಅಂತ ಗಾಬರಿ ಬೇಡ. ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವ ಮಾದರಿಗಳು ಬಹಳ ಇವೆ. ಇನ್ನೊಂದು ಮಾತು, ಟೆಸ್ಟರ್‌ನಲ್ಲಿ ಸರಿ ಇದ್ದದ್ದು ಪೂರ್ತಿ ಲೋಡಿನಲ್ಲೂ ಸರಿ ಇರುತ್ತದೆ ಅಂತ ಭರವಸೆ ಇಲ್ಲ. ಅದು ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನ ಗೊತ್ತಾಗುತ್ತದೆ.

ಎರಡು ಕಟ್ಟುನಿಟ್ಟು. ಎಸ್‌ಎಂಪಿಎಸ್ ಪೆಟ್ಟಿಗೆ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಕುತ್ತಾಗುವಷ್ಟು ಚಾರ್ಜ್ ಉಳಿದಿರಬಹುದು. ಮತ್ತೆ, ಕಳಚಿ ಹಾಕುವ ಕೇಬಲ್‌ಗಳಿದ್ದರೆ ಆ ಡಬ್ಬದಲ್ಲಿ ಬಂದವನ್ನೇ ಬಳಸಿ. ಬೇರೆ ಕಂಪನಿಯ ಕೇಬಲ್ ನೋಡಲು ಒಂದೇ ಥರ ಇರುತ್ತದೆ, ಚುಚ್ಚಿದರೆ ಕೂರುತ್ತದೆ, ಆದರೆ ಪಿನ್‌ಗಳ ಜೋಡಣೆ ಬೇರೆ. ಡಿಸ್ಕ್ ಸುಟ್ಟುಹೋಗಬಹುದು.

ಪ್ರೊಸೆಸರ್ ಮತ್ತು ಕೂಲರ್

ಬೋರ್ಡಿನ ಸಾಕೆಟ್ ತೆರೆದ ತಕ್ಷಣ, ಪ್ರೊಸೆಸರ್ ಕೈಗೆ ತೆಗೆದುಕೊಳ್ಳುವ ಮೊದಲೇ, ಮೊಬೈಲ್‌ನಲ್ಲಿ ಸಾಕೆಟ್‌ನ ಫೋಟೋ ತೆಗೆಯಿರಿ. ಓರೆಯಾಗಿ ಬೆಳಕು ಬಿಟ್ಟು ನಾಲ್ಕೂ ಕಡೆಯಿಂದ. ಇಂಟೆಲ್ ಎಲ್‌ಜಿಎ1700ರಲ್ಲಿ 1700 ಪಿನ್, ಎಎಂಡಿ ಎಎಂ5ರಲ್ಲಿ 1718 ಪಿನ್ ಸಾಕೆಟ್‌ನಲ್ಲೇ ಇರುತ್ತವೆ. ಒಂದು ಬಾಗಿದ್ದರೂ ಬೆಳಕಿನ ಸಾಲು ಅಲ್ಲಿ ಮುರಿದಂತೆ ಕಾಣುತ್ತದೆ. ಪಿನ್ ಬಾಗಿದ್ದರೆ ವಾರಂಟಿ ಕೊಡುವುದಿಲ್ಲ ಅಂತ ಹೇಳುವವರೇ ಜಾಸ್ತಿ. ನೀವು ಮುಟ್ಟುವ ಮೊದಲೇ ಬಾಗಿತ್ತು ಅನ್ನಲು ಆ ಫೋಟೋ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಹಳೇ ಎಎಂ4ರಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲಿರುತ್ತವೆ, ಅಲ್ಲಿ ಅದರ ಫೋಟೋ ತೆಗೆಯಿರಿ.

ಮೂಲೆಯ ತ್ರಿಕೋನ ಗುರುತು ಸೇರಿಸಿ, ಪ್ರೊಸೆಸರ್ ಅನ್ನು ಸುಮ್ನೆ ಇಟ್ಟುಬಿಡಿ. ಒತ್ತಬೇಡಿ. ಅದರ ಭಾರಕ್ಕೇ ಕೂರುತ್ತದೆ.

ಕೂಲರ್ ಇಲ್ಲದೆ "ಒಂದೇ ಸೆಕೆಂಡ್ ನೋಡೋಣ" ಅಂತ ಆನ್ ಮಾಡಬೇಡಿ. ಈಗಿನ ಪ್ರೊಸೆಸರ್‌ಗಳು ಬಿಸಿಯಾದರೆ ತಾವೇ ಆಫ್ ಆಗುತ್ತವೆ, ನಿಜ. ಆದರೆ ಆಫ್ ಆದದ್ದು ಬಿಸಿಯಿಂದಲೋ ಬೇರೆ ದೋಷದಿಂದಲೋ ನಿಮಗೆ ತಿಳಿಯುವುದಿಲ್ಲ, ಪರೀಕ್ಷೆಯೇ ಕೆಟ್ಟಂತೆ. ಕೂಲರ್ ತಳದ ಪ್ಲಾಸ್ಟಿಕ್ ಪೊರೆ ಕಿತ್ತಿರಾ ಅಂತ ಇನ್ನೊಮ್ಮೆ ನೋಡಿ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫ್ಯಾನ್ ವೈರ್ ಸಿಪಿಯು ಫ್ಯಾನ್ ಅಂತ ಬರೆದಿರುವ ಪಿನ್‌ಗೇ ಹೋಗಲಿ.

ಗಾಳಿ ಕೂಲರ್ ಆದರೆ ಪರೀಕ್ಷೆ ಮುಗಿದ ಮೇಲೆ ಹಾಗೆಯೇ ಬೋರ್ಡ್ ಸಮೇತ ಕ್ಯಾಬಿನೆಟ್‌ಗೆ ಹೋಗುತ್ತದೆ, ಪ್ರೊಸೆಸರ್ ಮತ್ತು ಕೂಲರ್ ನಡುವೆ ಶಾಖ ದಾಟಿಸುವ ಪೇಸ್ಟ್ ಮತ್ತೆ ಹಚ್ಚುವ ಕೆಲಸ ಇಲ್ಲ. ನೀರಿನ ಕೂಲರ್ ಆದರೆ ಕಳಚಬೇಕಾಗಬಹುದು. ಪೇಸ್ಟ್ ಟ್ಯೂಬ್ ಒಂದು ತಂದಿಟ್ಟುಕೊಳ್ಳಿ. ಎಎಂ4ರಲ್ಲಿ ಕೂಲರ್ ಕಳಚುವಾಗ ತಣ್ಣಗಿದ್ದಾಗ ಎಳೆಯಬೇಡಿ, ಪ್ರೊಸೆಸರ್ ಕೂಡ ಅಂಟಿಕೊಂಡು ಬಂದು ಪಿನ್ ಬಾಗುತ್ತದೆ. ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಬೆಚ್ಚಗಿರುವಾಗ ಮೆಲ್ಲಗೆ ತಿರುಚಿ ತೆಗೆಯಿರಿ.

ಮೊದಲ ಆನ್

ಎರಡು ರ‍್ಯಾಮ್ ಸ್ಟಿಕ್ ಇದ್ದರೂ ಮೊದಲು ಒಂದೇ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು, ಎ2 ಅಂತ ಬರೆದಿರುತ್ತದೆ. ಬೋರ್ಡಿನ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಟಕ್ ಅಂತ ಸದ್ದು ಬರುವವರೆಗೆ ಒತ್ತಬೇಕು. ಇಲ್ಲಿ ಭಯಪಟ್ಟು ಅರ್ಧ ಕೂರಿಸುವವರೇ ಹೆಚ್ಚು.

ಬೋರ್ಡಿಗೆ ಎರಡು ಪವರ್ ಕೇಬಲ್ ಬೇಕು: 24 ಪಿನ್‌ನ ದೊಡ್ಡದು, ಮತ್ತು ಪ್ರೊಸೆಸರ್ ಪಕ್ಕದ ಮೂಲೆಗೆ 8 ಪಿನ್‌ನದು. ಎರಡನೆಯದನ್ನು ಮರೆಯುವುದು ತುಂಬ ಸಾಮಾನ್ಯ. ಪ್ರೊಸೆಸರ್‌ನ ಕೇಬಲ್ ನಾಲ್ಕು ಮತ್ತು ನಾಲ್ಕಾಗಿ ಬೇರೆಯಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡಾಗಿ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬೇಡಿ.

ಮಾನಿಟರ್ ಕೇಬಲ್ ಹಾಕಿ. ಪ್ರೊಸೆಸರ್ ಗ್ರಾಫಿಕ್ಸ್ ಆದರೆ ಬೋರ್ಡಿಗೆ, ಕಾರ್ಡ್ ಹಾಕಿದ್ದರೆ ಕಾರ್ಡಿಗೆ. ಕೀಬೋರ್ಡ್ ಬಿಟ್ಟು ಬೇರೇನೂ ಬೇಡ, ಎಸ್‌ಎಸ್‌ಡಿಯೂ ಬೇಡ.

ಕ್ಯಾಬಿನೆಟ್ ಇಲ್ಲದೆ ಆನ್ ಬಟನ್ ಎಲ್ಲಿ ಬರಬೇಕು? ಬೋರ್ಡಿನ ಕೆಳ ಅಂಚಿನ ಪಿನ್ ಗುಂಪಿನಲ್ಲಿ ಪವರ್ ಸ್ವಿಚ್ ಅಂತ ಎರಡು ಪಿನ್ ಇರುತ್ತವೆ, ಪುಸ್ತಕದಲ್ಲಿ ಚಿತ್ರ ಇರುತ್ತದೆ. ಎಸ್‌ಎಂಪಿಎಸ್ ಸ್ವಿಚ್ ಆನ್ ಮಾಡಿ, ಆ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿದರೆ ಸಾಕು. ಅಲ್ಲಿರುವುದು ಸಣ್ಣ ವೋಲ್ಟೇಜ್, ಶಾಕ್ ಹೊಡೆಯುವುದಿಲ್ಲ. ಪಕ್ಕದ ಪಿನ್‌ಗಳಿಗೆ ತಾಗದ ಹಾಗೆ ಸಣ್ಣ ತುದಿಯದ್ದು ಬಳಸಿ.

ಈಗ ಕಾಯಿರಿ. ನಿಜವಾಗಿ ಕಾಯಿರಿ. ಡಿಡಿಆರ್5 ಬೋರ್ಡ್‌ಗಳು ಮೊದಲ ಸಲ ಆನ್ ಆದಾಗ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತವೆ, ಮೆಮೊರಿ ಟ್ರೇನಿಂಗ್ ಅಂತ ಅದಕ್ಕೆ ಹೆಸರು. ಆಗ ಸ್ಕ್ರೀನ್ ಕಪ್ಪಗೇ ಇರುತ್ತದೆ, ಫ್ಯಾನ್ ಮಾತ್ರ ತಿರುಗುತ್ತದೆ. ಕೆಲವು ನಿಮಿಷ ಹಿಡಿಯಬಹುದು. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಫೋನ್ ಮಾಡಿ, "ಮಾಮ, ಡಿಸ್ಪ್ಲೇನೇ ಬರ್ತಿಲ್ಲ, ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ" ಅಂದ. ಪ್ರತಿ ಸಲ ಅವನು ಆಫ್ ಮಾಡಿದಾಗಲೂ ಟ್ರೇನಿಂಗ್ ಮೊದಲಿನಿಂದ ಶುರುವಾಗುತ್ತಿತ್ತು. ಐದನೇ ಸಲ ಮುಟ್ಟದೆ ಬಿಡು ಅಂದೆ, ಬಂತು. ಹದಿನೈದು ನಿಮಿಷ ಬಿಡಿ. ಆಮೇಲೂ ಇಲ್ಲ ಅಂದರೆ ಮುಂದಿನದು.

ಡಿಸ್ಪ್ಲೇ ಬರದಿದ್ದರೆ

ಈಗಿನ ಹಲವು ಬೋರ್ಡ್‌ಗಳಲ್ಲಿ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ ಇರುತ್ತವೆ: ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್). ಯಾವುದು ಆರದೆ ಉಳಿಯಿತೋ ಅಲ್ಲಿಗೆ ಗಮನ ಕೊಡಿ. ಬೂಟ್ ದೀಪ ಉಳಿದರೆ ಖುಷಿಪಡಿ, ಡಿಸ್ಕ್ ಹಾಕಿಲ್ಲ ಅಂತ ಅಷ್ಟೇ. ವಿಜಿಎ ಅಂದರೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಇರಬಹುದು, ಕಾರ್ಡ್ ಸರಿಯಾಗಿ ಕೂರದೇ ಇರಬಹುದು. ಡಿರ‍್ಯಾಮ್ ಅಂದರೆ ಸ್ಟಿಕ್ ತೆಗೆದು ಮತ್ತೆ ಕೂರಿಸಿ, ಇನ್ನೊಂದು ಸ್ಟಿಕ್ ಹಾಕಿ, ಆಮೇಲೆ ಸ್ಲಾಟ್ ಬದಲಿಸಿ.

ಸಿಪಿಯು ದೀಪ ಉಳಿದರೆ ಮೊದಲು 8 ಪಿನ್ ಕೇಬಲ್ ನೋಡಿ. ಆಮೇಲೆ ಬಯೋಸ್, ಅಂದರೆ ಬೋರ್ಡಿನಲ್ಲೇ ಇರುವ ಆರಂಭದ ಸಾಫ್ಟ್‌ವೇರ್‌ನ ವಿಚಾರ. ಬೋರ್ಡ್ ಹಳೆಯ ದಾಸ್ತಾನು, ಪ್ರೊಸೆಸರ್ ಹೊಸದು ಆಗಿದ್ದರೆ ಬೋರ್ಡಿಗೆ ಅದರ ಗುರುತೇ ಇರುವುದಿಲ್ಲ. ಬಿ650 ಬೋರ್ಡಿಗೆ ರೈಜೆನ್ 9000 ಹಾಕಿದಾಗ ಹೀಗಾಗುವುದುಂಟು. ಇದು ದೋಷ ಅಲ್ಲ. ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಇಲ್ಲದೆಯೂ ಬಯೋಸ್ ಹೊಸದು ಮಾಡಬಹುದು. ಫ್ಯಾಟ್32 ಪೆನ್‌ಡ್ರೈವ್‌ಗೆ ಫೈಲ್ ಹಾಕಿ, ಬೋರ್ಡಿನ ಪುಸ್ತಕ ಹೇಳುವ ಹೆಸರನ್ನೇ ಇಟ್ಟು, ಬಟನ್ ಒತ್ತಬೇಕು. ಮಧ್ಯೆ ಕರೆಂಟ್ ಹೋಗಬಾರದು. ಬೆಸ್ಕಾಂ ನಿಮ್ಮ ಏರಿಯಾಕ್ಕೆ ಅವತ್ತು ಕರೆಂಟ್ ಕಟ್ ಅಂತ ಹೇಳಿದೆಯಾ ನೋಡಿಕೊಳ್ಳಿ, ಗುಡುಗು ಮಳೆಯ ಸಂಜೆಯಲ್ಲಿ ಬೇಡ, ಯುಪಿಎಸ್ ಇದ್ದರೆ ಅದರ ಮೇಲೆಯೇ ಮಾಡಿ.

ಇಷ್ಟಾದರೂ ಇಲ್ಲವೇ? ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬೋರ್ಡಿನ ಗುಂಡು ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿ ಸರಿಹೋದರೆ ತಪ್ಪು ಯಾವುದರಲ್ಲಿತ್ತು ಅಂತ ಅಂಗಡಿಯವರಿಗೆ ಏನು ಹೇಳುತ್ತೀರಿ? ಮಾಡಿದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಳ್ಳುತ್ತಾ ಹೋಗಿ.

ಬಯೋಸ್‌ನಲ್ಲಿ ನೋಡಬೇಕಾದದ್ದು

ಪ್ರೊಸೆಸರ್ ಹೆಸರು ಬಿಲ್‌ನಲ್ಲಿರುವುದೇ ತಾನೇ? ರ‍್ಯಾಮ್ ಎಷ್ಟು ಜಿಬಿ ತೋರಿಸುತ್ತಿದೆ? ಪ್ರೊಸೆಸರ್ ಬಿಸಿ ಎಷ್ಟು? ನಮ್ಮೂರಿನ ಹವೆಯಲ್ಲಿ ಬಯೋಸ್‌ನಲ್ಲಿ ಸುಮ್ಮನೆ ಇದ್ದಾಗ 35ರಿಂದ 50 ಡಿಗ್ರಿ ಆಸುಪಾಸು ಇದ್ದರೆ ನೆಮ್ಮದಿ. ಒಂದೆರಡು ನಿಮಿಷದಲ್ಲೇ 80 ದಾಟಿದರೆ ಆಫ್ ಮಾಡಿ. ಪೊರೆ ಕಿತ್ತಿಲ್ಲ, ಕೂಲರ್ ಸಡಿಲ, ಇಲ್ಲ ಪಂಪ್ ಓಡುತ್ತಿಲ್ಲ.

ಸೆಕೆಂಡ್ ಹ್ಯಾಂಡ್ ಇಂಟೆಲ್ 13 ಅಥವಾ 14ನೇ ತಲೆಮಾರಿನ ಐ7, ಐ9 ಕೊಂಡಿದ್ದರೆ ಮೊದಲು ಬಯೋಸ್ ಹೊಸದು ಮಾಡಿ. ಹೆಚ್ಚು ವೋಲ್ಟೇಜ್‌ನಿಂದ ಅವು ಅಸ್ಥಿರವಾಗುವ ಸಮಸ್ಯೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ ತಿದ್ದುಪಡಿ ಬಿಟ್ಟಿತು. ಆದರೆ ಆಗಲೇ ಹಾಳಾದ ಚಿಪ್ ಅದರಿಂದ ಸರಿಹೋಗುವುದಿಲ್ಲ. ಹಾಗಾಗಿ ಅಂಥದ್ದನ್ನು ಮಾರುವವರ ಎದುರೇ ಲೋಡ್ ಹಾಕಿ ನೋಡಬೇಕು.

ರ‍್ಯಾಮ್: ಇಲ್ಲಿ ಸಮಯ ಕೊಡಿ

ಆನ್ ಆಯಿತು ಅಂದರೆ ರ‍್ಯಾಮ್ ಚೆನ್ನಾಗಿದೆ ಅಂತಲ್ಲ. ನನ್ನ ಕೆಟ್ಟ ಸ್ಟಿಕ್ ಕೂಡ ಆನ್ ಆಗುತ್ತಿತ್ತು, ವಿಂಡೋಸ್ ಹಾಕುವಾಗ ಮಾತ್ರ ಅರ್ಧದಲ್ಲಿ ಕೈಕೊಡುತ್ತಿತ್ತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಡಿಸ್ಕ್ ಬೇಕಿಲ್ಲ, ಎರಡೂ ಉಚಿತವಾಗಿ ಸಿಗುತ್ತವೆ.

ಮೊದಲು ರ‍್ಯಾಮ್‌ನ ಮಾಮೂಲಿ ವೇಗದಲ್ಲೇ ಓಡಿಸಿ, ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆ ಹಾಕಬೇಡಿ. ಒಂದೊಂದೇ ಸ್ಟಿಕ್, ಒಂದೊಂದು ಪಾಸ್ (ಪೂರ್ತಿ ಪರೀಕ್ಷೆಯ ಒಂದು ಸುತ್ತು). ಆಮೇಲೆ ಎರಡೂ ಹಾಕಿ, ಡಬ್ಬದ ಮೇಲೆ ಬರೆದಿರುವ ವೇಗಕ್ಕೆ ಏರಿಸಿ, ನಾಲ್ಕು ಪಾಸ್. 32 ಜಿಬಿಗೆ ಹಲವು ಗಂಟೆ ಹಿಡಿಯುತ್ತದೆ. ರಾತ್ರಿ ಓಡಲು ಬಿಟ್ಟು ಮಲಗುವವರಿದ್ದಾರೆ. ತೆರೆದಿಟ್ಟ ಬೋರ್ಡನ್ನು ಹಾಗೆ ಬಿಡಲು ನನಗೆ ಮನಸ್ಸು ಬರುವುದಿಲ್ಲ, ಜಿರಲೆ, ಬೆಕ್ಕು, ಮಕ್ಕಳು ಏನು ಬೇಕಾದರೂ ಬರಬಹುದು. ಭಾನುವಾರ ಬೆಳಗ್ಗೆ ಶುರು ಮಾಡಿ, ಮನೆಯಲ್ಲೇ ಇರಿ.

ತಪ್ಪುಗಳು ಸೊನ್ನೆ ಇರಬೇಕು. "ಒಂದೇ ಒಂದು ಬಂತು, ಪರವಾಗಿಲ್ಲ" ಅನ್ನುವಂತಿಲ್ಲ. ತಪ್ಪು ಬಂದರೆ ಅದೇ ಸ್ಟಿಕ್ ಅನ್ನು ಬೇರೆ ಸ್ಲಾಟ್‌ಗೆ ಹಾಕಿ. ತಪ್ಪು ಸ್ಟಿಕ್ ಹಿಂದೆ ಹೋದರೆ ಸ್ಟಿಕ್ ಕೆಟ್ಟಿದೆ. ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್, ಬಾಗಿದ ಪಿನ್, ಇಲ್ಲ ಒಂದೇ ಕಡೆ ಜಾಸ್ತಿ ಬಿಗಿಯಾದ ಕೂಲರ್. ಈ ಕೊನೆಯದು ಯಾರಿಗೂ ಬೇಗ ಹೊಳೆಯುವುದಿಲ್ಲ, ಕೂಲರ್ ಸಡಿಲಿಸಿ ಸಮವಾಗಿ ಬಿಗಿ ಮಾಡಿ ನೋಡಿ. ಮಾಮೂಲಿ ವೇಗದಲ್ಲಿ ಸರಿ ಇದ್ದು ಏರಿಸಿದಾಗ ಮಾತ್ರ ತಪ್ಪು ಬಂದರೆ ಬಯೋಸ್ ಹೊಸದು ಮಾಡಿ, ಮತ್ತೆ ಓಡಿಸಿ.

ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್

ಎಸ್‌ಎಸ್‌ಡಿಗೆ ಐದು ನಿಮಿಷ ಸಾಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಎಷ್ಟು ಗಂಟೆ ಓಡಿದೆ, ಎಷ್ಟು ಡೇಟಾ ಬರೆಯಲಾಗಿದೆ ನೋಡಿ. ಹೊಸದರಲ್ಲಿ ಎರಡೂ ಸೊನ್ನೆ ಹತ್ತಿರ ಇರಬೇಕು. ನೂರಾರು ಗಂಟೆ ತೋರಿಸಿದರೆ ಅದು ಹೊಸದಲ್ಲ, ವಾಪಸ್ ಕೊಡಿ. ತೀರಾ ಅಗ್ಗಕ್ಕೆ ಸಿಕ್ಕಿದ್ದಾದರೆ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ, ಹೇಳಿದಷ್ಟು ಜಾಗ ನಿಜವಾಗಿ ಇದೆಯಾ ಗೊತ್ತಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್‌ಗೆ ಮೇಜಿನ ಮೇಲೆ ಒಂದು ತೊಡಕಿದೆ. ಕಾರ್ಡಿನ ಲೋಹದ ಪಟ್ಟಿ ಬೋರ್ಡಿಗಿಂತ ಕೆಳಗೆ ಇಳಿದಿರುತ್ತದೆ. ಬೋರ್ಡಿನ ಹಿಂದಿನ ಪೋರ್ಟ್‌ಗಳ ಅಂಚು ರಟ್ಟಿನ ಡಬ್ಬದ ಅಂಚಿಗೆ ಸರಿಯಾಗಿ ಬರುವಂತೆ ಇಟ್ಟರೆ ಆ ಪಟ್ಟಿ ಹೊರಗೆ ಇಳಿಬೀಳುತ್ತದೆ. ಇಲ್ಲದಿದ್ದರೆ ಕಾರ್ಡ್ ಅರ್ಧ ಎದ್ದುಕೊಂಡಿರುತ್ತದೆ, ನೀವು ಕಾರ್ಡೇ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಭಾರದ ಕಾರ್ಡ್ ವಾಲದಂತೆ ಪುಸ್ತಕ ಒತ್ತಾಗಿ ಇಡಿ, ಫ್ಯಾನ್‌ಗೆ ಅಡ್ಡ ಆಗದಿರಲಿ. 16 ಪಿನ್‌ನ ಹೊಸ ಕನೆಕ್ಟರ್ ಆದರೆ ಸಂದು ಕಾಣದ ಹಾಗೆ ಪೂರ್ತಿ ಒಳಗೆ ಹೋಗಬೇಕು, ಬುಡದಲ್ಲೇ ಬಾಗಿಸಬಾರದು. ಅರ್ಧ ಕೂತ ಕನೆಕ್ಟರ್ ಬಿಸಿಯಾಗಿ ಕರಗಿದ ಪ್ರಸಂಗಗಳು ಇವೆ.

ಮೇಜಿನ ಮೇಲೇ ವಿಂಡೋಸ್ ಹಾಕಿ, ಡ್ರೈವರ್ ಹಾಕಿ, ಕಾರ್ಡಿಗೆ ಪೂರ್ತಿ ಲೋಡ್ ಹಾಕುವ ಯೂನಿಜಿನ್ ಸೂಪರ್‌ಪೊಸಿಷನ್ ಪ್ರೋಗ್ರಾಂ ಅರ್ಧ ಗಂಟೆ ಓಡಿಸಿ. ಫರ್‌ಮಾರ್ಕ್ ಕೂಡ ಇದೆ. ಆದರೆ ಅದು ಆಟಗಳು ಕೊಡುವುದಕ್ಕಿಂತ ಜಾಸ್ತಿ ಹಿಂಸೆ ಕೊಡುತ್ತದೆ, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ ಫೋಟೋ ತೆಗೆದಿಡಿ. ಪಿಸಿ ದಿಢೀರನೆ ಆಫ್ ಆದರೆ ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಹಳೇ ಕಾರ್ಡ್ ಕೊಂಡಿದ್ದರೆ ಜಿಪಿಯು-ಝಡ್ ತೆರೆದು ಹೆಸರು, ಮೆಮೊರಿ ತಾಳೆ ನೋಡಿ.

ಇದೇ ಹೊತ್ತಿನಲ್ಲಿ ಎಲ್ಲ ಯುಎಸ್‌ಬಿ ಪೋರ್ಟ್, ನೆಟ್‌ವರ್ಕ್ ಪೋರ್ಟ್, ಆಡಿಯೋ, ವೈಫೈ ಒಂದೊಂದಾಗಿ ಬಳಸಿ ನೋಡಿ. ವೈಫೈಗೆ ಆಂಟೆನಾ ಸಿಕ್ಕಿಸಿ ನೋಡಬೇಕು.

ಆಮೇಲೆ ಕ್ಯಾಬಿನೆಟ್

ಬೋರ್ಡ್ ಇಡುವ ಮೊದಲು ಕ್ಯಾಬಿನೆಟ್‌ನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನು, ಅಂದರೆ ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬಗಳನ್ನು, ಬೋರ್ಡಿನ ತೂತುಗಳ ಜೊತೆ ತಾಳೆ ಮಾಡಿ. ತೂತಿಲ್ಲದ ಕಡೆ ಒಂದು ಉಳಿದಿದ್ದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ವೈರ್ ಕಟ್ಟುವ ಮೊದಲೇ ಒಮ್ಮೆ ಆನ್ ಮಾಡಿ. ಮೇಜಿನ ಮೇಲೆ ಓಡಿದ್ದು ಇಲ್ಲಿ ಓಡಲಿಲ್ಲ ಅಂದರೆ ಅನುಮಾನಕ್ಕೆ ಮೂರೇ ಜಾಗ: ಸ್ಟ್ಯಾಂಡ್‌ಆಫ್, ಮುಂದಿನ ಬಟನ್‌ನ ವೈರ್, ಸಾಗಿಸುವಾಗ ಸಡಿಲವಾದ ರ‍್ಯಾಮ್ ಅಥವಾ ಕೇಬಲ್. ಮುಂದಿನ ವೈರ್‌ಗಳನ್ನೆಲ್ಲ ಕಿತ್ತು ಮತ್ತೆ ಸ್ಕ್ರೂಡ್ರೈವರ್‌ನಿಂದ ಆನ್ ಮಾಡಿ. ಆಗ ಆನ್ ಆದರೆ ಬಟನ್ ವೈರ್‌ನದೇ ತೊಂದರೆ.

ಸಾಕೆಟ್‌ನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದನ್ನು ಕೇಳುತ್ತಾರೆ. ಬೋರ್ಡಿನ ಡಬ್ಬದಲ್ಲೇ ಹಾಕಿ, ಬಿಲ್‌ನ ಪ್ರತಿ ಒಂದನ್ನು ಜೊತೆಗಿಟ್ಟು, ಎಲ್ಲ ಡಬ್ಬಗಳನ್ನೂ ಅಟ್ಟದ ಮೇಲೆ ಇಡಿ.